ಹಕ್ಕಿಗಳ ಬಯಲುಶಾಲೆ

ಕೊಡಗಿನ ಬೆಟ್ಟಗಳಿಂದ ಇಳಿದು ಬರುವ ಕಾವೇರಿಯು ಪಿರಿಯಾಪಟ್ಟಣದ ಸೀಮೆಯನ್ನು ದಾಟಿ, ಚುಂಚನಕಟ್ಟೆಯ ಬಂಡೆಗಳ ಮೇಲೆ ಧುಮುಕಿ, ಕೃಷ್ಣರಾಜನಗರದ ಮಗ್ಗುಲಲ್ಲಿ ಹಾದು ಕನ್ನಂಬಾಡಿಯ ಜಲಾಶಯವನ್ನು ಸೇರುತ್ತದೆ. ಹುಣಸೂರಿನ ಕಡೆಯಿಂದ ಬರುವ ಲಕ್ಷ್ಮಣತೀರ್ಥವೂ ಅದೇ ಜಲಾಶಯಕ್ಕೆ ಬಂದು ಕೂಡುತ್ತದೆ. ಕಟ್ಟೆಯನ್ನು ದಾಟಿದ ನದಿಯು ಶ್ರೀರಂಗಪಟ್ಟಣವನ್ನು ಮುಟ್ಟುವ ಮೊದಲು ಕೆಲವು ಪುಟ್ಟ ನಡುಗಡ್ಡೆಗಳನ್ನು ಬಳಸಿಕೊಂಡು ಹರಿಯುತ್ತದೆ. ಈ ನಡುಗಡ್ಡೆಗಳ ತಾಣವೇ ರಂಗನತಿಟ್ಟು. ಮೈಸೂರು ಸೀಮೆಯ ಶಾಲೆಗಳಿಂದ ಪ್ರವಾಸ ಹೊರಡುವ ವಿದ್ಯಾರ್ಥಿಗಳು ಇಲ್ಲಿ ದೋಣಿಯನ್ನೇರಿ, ಮರಗಳ ತುಂಬ ಗೂಡು ಕಟ್ಟಿ ಕುಳಿತ ಸಾವಿರಾರು ಹಕ್ಕಿಗಳನ್ನು ಕಂಡು ಬೆರಗಾಗುತ್ತಾರೆ. ಈ ನಡುಗಡ್ಡೆಗಳು 1940ರಲ್ಲಿ ಪಕ್ಷಿಧಾಮವಾದುದು ಒಬ್ಬ ವ್ಯಕ್ತಿಯ ಒತ್ತಾಯದಿಂದ. ಆ ವ್ಯಕ್ತಿ ಮೈಸೂರಿನವರಲ್ಲ. ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದವರೂ ಅಲ್ಲ. ಹಕ್ಕಿಗಳನ್ನು ಅವು ಬಾಳುವ ಎಡೆಯಲ್ಲಿಯೇ ನೋಡಿ ಕಲಿತು, ಹಾಗೆ ನೋಡುವುದನ್ನು ದೇಶಕ್ಕೆ ಕಲಿಸಿದವರು. ಅವರೇ ಸಲೀಂ ಅಲಿ.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಮಗುವಿಗೆ ಒಂದು ವರ್ಷ ತುಂಬುವಷ್ಟರಲ್ಲಿ ತಂದೆಯೂ, ಮೂರು ವರ್ಷವಾಗುವ ಹೊತ್ತಿಗೆ ತಾಯಿಯೂ ತೀರಿಕೊಂಡರು. ದೊಡ್ಡ ಕುಟುಂಬದ ಕಿರಿಯ ಮಗುವಾದ ಸಲೀಮನನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರೂ ಅವರ ಪತ್ನಿ ಹಮೀದಾ ಬೇಗಂ ಅವರೂ ತಮ್ಮ ಮನೆಯಲ್ಲಿ ಸಾಕಿದರು. ತಮಗೆ ಮಕ್ಕಳಿಲ್ಲದ ಆ ದಂಪತಿಗಳು ತಬ್ಬಲಿ ಮಕ್ಕಳಿಗೆ ಯಾವ ಕೊರತೆಯೂ ಬಾರದಂತೆ ನೋಡಿಕೊಂಡರು. ಸೋದರಮಾವನಿಗೆ ಬೇಟೆಯ ಹವ್ಯಾಸವಿತ್ತು. ಆ ಕಾಲದ ಉಳ್ಳವರ ಮನೆಗಳಲ್ಲಿ ಅದು ಸಾಮಾನ್ಯ ಸಂಗತಿ. ಹುಡುಗನ ಕೈಗೂ ಒಂದು ಗಾಳಿಬಂದೂಕು ಬಂದಿತು. ಮನೆಯ ಸುತ್ತಮುತ್ತ ಸಿಕ್ಕಿದ ಗುಬ್ಬಚ್ಚಿಗಳನ್ನು ಹೊಡೆಯುವುದು ಅವನಿಗೆ ಆಟವಾಯಿತು.

ಹಕ್ಕಿಗಳ ಗೆಳೆಯನೆಂದು ಹೆಸರಾದವರ ಕಥೆಯು ಬಂದೂಕಿನಿಂದ ಮೊದಲಾಗುತ್ತದೆ ಎಂಬುದು ವಿಚಿತ್ರವಾಗಿ ತೋರಬಹುದು. ಆದರೆ ನಡೆದದ್ದು ಹಾಗೆಯೇ. ಒಂದು ದಿನ ಹೊಡೆದುರುಳಿಸಿದ ಗುಬ್ಬಿಯನ್ನು ಕೈಗೆತ್ತಿಕೊಂಡಾಗ ಅದರ ಕೊರಳಿನ ಮೇಲೆ ಹಳದಿ ಬಣ್ಣದ ಮಚ್ಚೆಯೊಂದು ಸಲೀಮನ ಕಣ್ಣಿಗೆ ಬಿತ್ತು. ಮನೆಯ ಅಂಗಳದ ಗುಬ್ಬಿಗೆ ಅಂತಹ ಗುರುತಿರಲಿಲ್ಲ. ತಮ್ಮ ಧರ್ಮದವರು ಇದನ್ನು ತಿನ್ನಬಹುದೇ ಕೂಡದೇ ಎಂಬ ಸಂದೇಹವೂ ಹುಡುಗನಿಗೆ ಬಂದಿತು. ಅವನು ಹಕ್ಕಿಯನ್ನು ಸೋದರಮಾವನ ಬಳಿಗೆ ಒಯ್ದನು. ಸೋದರಮಾವನಿಗೂ ಅದರ ಪರಿಚಯವಿರಲಿಲ್ಲ. ತಿಳಿಯದ ಮಾತನ್ನು ಏನಾದರೊಂದು ಹೇಳಿ ತೇಲಿಸದೆ, ಅವರು ಹುಡುಗನಿಗೆ ಒಂದು ಪರಿಚಯಪತ್ರವನ್ನು ಕೊಟ್ಟು, ಮುಂಬಯಿ ನಿಸರ್ಗೇತಿಹಾಸ ಸಂಘದ ಕಾರ್ಯದರ್ಶಿಗಳಾಗಿದ್ದ ಮಿಲ್ಲರ್ಡ್ ಎಂಬ ಆಂಗ್ಲರ ಬಳಿಗೆ ಕಳುಹಿಸಿದರು.

ಆ ಸಂಘವು 1883ರಲ್ಲಿ ಸ್ಥಾಪಿತವಾದುದು. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಸತ್ತ ಗುಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಂಡು ಅಂತಹ ಕಚೇರಿಯ ಮೆಟ್ಟಿಲನ್ನು ಹತ್ತುವಾಗ ಅವನ ಎದೆ ಎಷ್ಟು ಡವಗುಟ್ಟಿರಬೇಕು! ಆದರೆ ಮಿಲ್ಲರ್ಡರು ಗದರಿಸಲಿಲ್ಲ, ನಗಲೂ ಇಲ್ಲ. ಇದು ಹಳದಿ ಕೊರಳಿನ ಗುಬ್ಬಿಯೆಂದು ತಿಳಿಸಿ, ಬೀರುಗಳ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಚರ್ಮ ತುಂಬಿ ಕಾಪಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಹಕ್ಕಿಯ ಚರ್ಮವನ್ನು ಕೆಡದಂತೆ ಕಾಪಾಡುವ ವಿದ್ಯೆಯನ್ನು ಕಲಿಯಲು ಏರ್ಪಾಟು ಮಾಡಿದರು. ಒಬ್ಬ ಹುಡುಗನ ಒಂದು ಪ್ರಶ್ನೆಗೆ ಹಿರಿಯರೊಬ್ಬರು ವ್ಯಯಮಾಡಿದ ಅರ್ಧ ದಿನದ ಫಲವೇನಾಯಿತೆಂಬುದನ್ನು ಮುಂದಿನ 75 ವರ್ಷಗಳು ತೋರಿಸಿದುವು. ತಮ್ಮ ಬಾಳಿನ ದಿಕ್ಕು ತಿರುಗಿದ್ದು ಅಂದೇ ಎಂಬುದನ್ನು ಸಲೀಂ ಅಲಿಯವರು ಎಂದೂ ಮರೆಯಲಿಲ್ಲ. 1985ರಲ್ಲಿ ಪ್ರಕಟವಾದ ಅವರ ಆತ್ಮಕಥೆಯು ಆ ಗುಬ್ಬಿ ಬಿದ್ದ ಸಂಗತಿಯನ್ನೇ ತನ್ನ ಹೆಸರಾಗಿ ಧರಿಸಿದೆ.

ಶಾಲೆಯ ಓದಿನಲ್ಲಿ ಸಲೀಂ ಮುಂದಿದ್ದವನಲ್ಲ. ತೀವ್ರವಾದ ತಲೆನೋವಿನಿಂದಾಗಿ ಪದೇ ಪದೇ ಓದು ನಿಲ್ಲುತ್ತಿತ್ತು. 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಹೇಗೋ ತೇರ್ಗಡೆಯಾಯಿತು. ಕಾಲೇಜಿನ ಮೊದಲ ವರ್ಷದ ಲೆಕ್ಕಗಳಿಗೆ ಹೆದರಿ ಓದನ್ನು ಬಿಟ್ಟು, ಬರ್ಮಾದೇಶದ ತವಾಯ್ ಎಂಬಲ್ಲಿ ಕುಟುಂಬದವರು ನಡೆಸುತ್ತಿದ್ದ ಗಣಿ ಮತ್ತು ಮರದ ವ್ಯಾಪಾರಕ್ಕೆ ನೆರವಾಗಲು ಹೋದರು. ಅಲ್ಲಿ ಗಣಿಗಿಂತ ಸುತ್ತಲಿನ ಕಾಡೇ ಅವರನ್ನು ಹೆಚ್ಚಾಗಿ ಸೆಳೆಯಿತು. ಮರಳಿ ಬಂದ ಮೇಲೆ ವಾಣಿಜ್ಯ ವಿಷಯಗಳನ್ನು ಓದುವುದರ ಜೊತೆಗೆ, ಸೇಂಟ್ ಜೇವಿಯರ್ ಕಾಲೇಜಿನ ಫಾದರ್ ಬ್ಲಾಟರ್ ಅವರ ಪ್ರೇರಣೆಯಿಂದ ಪ್ರಾಣಿಶಾಸ್ತ್ರವನ್ನು ವ್ಯಾಸಂಗಮಾಡಿದರು. 1918ರಲ್ಲಿ ತೆಹ್ಮಿನಾ ಅವರೊಡನೆ ವಿವಾಹವಾಯಿತು. ಬರ್ಮಾದ ವ್ಯಾಪಾರವು ಕೈಗೂಡಲಿಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿಶಾಸ್ತ್ರಜ್ಞರ ಸ್ಥಾನಕ್ಕೆ ಪ್ರಯತ್ನಿಸಿದರೆ, ಪದವಿಯಿಲ್ಲವೆಂಬ ಕಾರಣದಿಂದ ಅದು ದೊರೆಯಲಿಲ್ಲ.

ಕೊನೆಗೆ 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಹೊಸದಾಗಿ ತೆರೆದ ನಿಸರ್ಗೇತಿಹಾಸ ವಿಭಾಗದಲ್ಲಿ ಮಾರ್ಗದರ್ಶಿ ಉಪನ್ಯಾಸಕರ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 350 ರೂಪಾಯಿ. ನೋಡಲು ಬಂದ ಜನರಿಗೂ ಶಾಲಾಮಕ್ಕಳಿಗೂ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತು ಪ್ರಾಣಿಪಕ್ಷಿಗಳ ವಿಚಾರವನ್ನು ವಿವರಿಸುವುದು ಅವರ ಕರ್ತವ್ಯ. ಎರಡು ವರ್ಷಗಳ ಕಾಲ ಈ ಕೆಲಸವನ್ನು ಮಾಡಿದರು. ಗಾಜಿನ ಹಿಂದಿನ ಹಕ್ಕಿಯು ಬಣ್ಣವನ್ನು ತೋರಿಸಬಲ್ಲುದು, ಕೊಕ್ಕಿನ ಆಕಾರವನ್ನು ತೋರಿಸಬಲ್ಲುದು; ಆದರೆ ಅದು ಹಾಡುವುದಿಲ್ಲ, ಗೂಡು ಕಟ್ಟುವುದಿಲ್ಲ, ಮರಿಗೆ ಗುಟುಕು ಕೊಡುವುದಿಲ್ಲ. ಇನ್ನೂ ಹೆಚ್ಚಿನದನ್ನು ಕಲಿಯಬೇಕೆಂಬ ಹಂಬಲದಿಂದ 1928ರಲ್ಲಿ ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮನ್ ಎಂಬ ಮಹಾವಿದ್ವಾಂಸರು ಅವರನ್ನು ಶಿಷ್ಯರಾಗಿ ಸ್ವೀಕರಿಸಿದರು. ಪದವಿಯ ಪತ್ರವನ್ನು ಅವರು ಕೇಳಲಿಲ್ಲ. ಸತ್ತ ಹಕ್ಕಿಗೆ ಹೆಸರಿಡುವುದರಲ್ಲಿಯೇ ಪಕ್ಷಿಶಾಸ್ತ್ರವು ಮುಗಿಯುವುದಿಲ್ಲ, ಬದುಕಿರುವ ಹಕ್ಕಿಯ ನಡೆವಳಿಕೆಯನ್ನು ಅರಿಯುವುದೂ ಶಾಸ್ತ್ರವೇ ಎಂಬ ದೃಷ್ಟಿಯು ಆ ಗುರುವಿನ ಬಳಿ ದೃಢವಾಯಿತು.

1930ರಲ್ಲಿ ಸ್ವದೇಶಕ್ಕೆ ಹಿಂತಿರುಗಿದಾಗ ಒಂದು ಆಘಾತ ಕಾದಿತ್ತು. ಹಣವಿಲ್ಲವೆಂಬ ಕಾರಣದಿಂದ ವಸ್ತುಸಂಗ್ರಹಾಲಯದ ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಕೈಯಲ್ಲಿ ಕೆಲಸವಿಲ್ಲ, ವಯಸ್ಸು 34ರ ಸಮೀಪ. ಪತಿಪತ್ನಿಯರು ಮುಂಬಯಿಯನ್ನು ಬಿಟ್ಟು, ಕೊಲ್ಲಿಯ ಆಚೆಗೆ ಕಿಹೀಮ್ ಎಂಬ ಕಡಲತಡಿಯ ಹಳ್ಳಿಯಲ್ಲಿ ಒಂದು ಚಿಕ್ಕ ಮನೆಯಲ್ಲಿ ನೆಲೆಸಿದರು. ಮನೆಯ ಹತ್ತಿರದ ಮರಗಳಲ್ಲಿ ಗೀಜಗಗಳು ಗೂಡು ನೇಯುತ್ತಿದ್ದುವು. ಉದ್ಯೋಗವಿಲ್ಲದವರಿಗೆ ಹೊತ್ತಿಗೇನು ಬರ! ಸಲೀಂ ಅಲಿಯವರು ಆ ಮಳೆಗಾಲದ ತಿಂಗಳುಗಳಲ್ಲಿ ದಿನದಿನವೂ ಮರೆಯಲ್ಲಿ ಕುಳಿತು ಆ ಹಕ್ಕಿಗಳನ್ನು ನೋಡಿದರು. ನೋಡಿದುದನ್ನು ಗಂಟೆ ಗಳಿಗೆಗಳೊಡನೆ ಬರೆದಿಟ್ಟರು.

ಗೀಜಗನ ಗೂಡನ್ನು ಕಾಣದ ಹಳ್ಳಿಯ ಮಕ್ಕಳಿಲ್ಲ. ಈಚಲುಮರದಲ್ಲಿಯೋ, ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿಯೋ ಸೋರೆಬುರುಡೆಯಂತೆ ಅದು ತೂಗಾಡುತ್ತಿರುತ್ತದೆ. ಆದರೆ ಆ ಸಂಸಾರದೊಳಗಿನ ಗುಟ್ಟನ್ನು ಸಲೀಂ ಅಲಿಯವರು ಬಿಡಿಸಿ ಹೇಳುವವರೆಗೆ ಶಾಸ್ತ್ರಜ್ಞರಿಗೂ ತಿಳಿದಿರಲಿಲ್ಲ. ಗೂಡನ್ನು ನೇಯುವುದು ಗಂಡುಹಕ್ಕಿ. ಅದು ಗೂಡನ್ನು ಪೂರ್ತಿ ನೇಯುವುದಿಲ್ಲ; ಅರ್ಧಕ್ಕೆ ತಂದು ನಿಲ್ಲಿಸುತ್ತದೆ. ಆಗ ಹೆಣ್ಣುಹಕ್ಕಿಗಳು ಬಂದು ಗೂಡುಗಳನ್ನು ಪರೀಕ್ಷಿಸುತ್ತವೆ. ಒಂದು ಹೆಣ್ಣು ಒಪ್ಪಿ ನೆಲೆನಿಂತ ಮೇಲೆ ಮಾತ್ರ ಗಂಡು ಉಳಿದ ಭಾಗವನ್ನು ಮುಗಿಸಿ, ಒಳಹೋಗುವ ಕೊಳವೆಯನ್ನು ಇಳಿಬಿಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವು ಕೂರುವ ಹೊತ್ತಿಗೆ ಈ ಗಂಡು ಇನ್ನೊಂದು ಗೂಡಿನ ಬುಡವನ್ನು ಕಟ್ಟುತ್ತಾ, ಇನ್ನೊಂದು ಹೆಣ್ಣಿನ ಒಪ್ಪಿಗೆಯನ್ನು ಎದುರುನೋಡುತ್ತಿರುತ್ತದೆ! ಯಾರಿಗೂ ಬೇಡವಾದ ಗೂಡುಗಳು ಅರ್ಧದಲ್ಲಿಯೇ ಉಳಿಯುತ್ತವೆ. ಮರದಲ್ಲಿ ಅರೆನೇಯ್ಗೆಯ ಗೂಡುಗಳು ಏಕಿರುತ್ತವೆಂಬುದಕ್ಕೆ ಇದೇ ಉತ್ತರ. ಈ ಅಧ್ಯಯನಕ್ಕೆ ಪ್ರಯೋಗಶಾಲೆ ಬೇಕಾಗಲಿಲ್ಲ; ಬೇಕಾದುದು ಕಣ್ಣು, ತಾಳ್ಮೆ ಮತ್ತು ಒಂದು ಟಿಪ್ಪಣಿ ಪುಸ್ತಕ. ಅದರ ಪ್ರಕಟಣೆಯಿಂದ ಸಲೀಂ ಅಲಿಯವರ ಹೆಸರು ಪಕ್ಷಿಶಾಸ್ತ್ರಜ್ಞರ ವಲಯದಲ್ಲಿ ಪ್ರಸಿದ್ಧವಾಯಿತು.

ಹೆಸರು ಬಂದಿತೇ ಹೊರತು ಸಂಬಳ ಬರಲಿಲ್ಲ. ಅವರು ಒಂದು ಉಪಾಯವನ್ನು ಕಂಡುಕೊಂಡರು. ಆಗ ದೇಶದಲ್ಲಿ ಅನೇಕ ಸಂಸ್ಥಾನಗಳಿದ್ದುವು. ಅವುಗಳ ಹಕ್ಕಿಗಳ ಬಗೆಗೆ ವ್ಯವಸ್ಥಿತವಾದ ತಿಳಿವಳಿಕೆಯಿರಲಿಲ್ಲ. ಪ್ರಯಾಣ ಮತ್ತು ಬಿಡಾರದ ವೆಚ್ಚವನ್ನು ಸಂಸ್ಥಾನವು ಕೊಟ್ಟರೆ ಸಾಕು, ತಮ್ಮ ದುಡಿಮೆಗೆ ಏನೂ ಬೇಡವೆಂದು ಅವರು ಮುಂದೆ ಬಂದರು. ಹೀಗೆ ಹೈದರಾಬಾದಿನ ಸಮೀಕ್ಷೆ ಮೊದಲಾಯಿತು. ಅನಂತರ ಕೊಚ್ಚಿ, ತಿರುವಾಂಕೂರು, ಮಧ್ಯಭಾರತದ ಸಂಸ್ಥಾನಗಳು. ಎತ್ತಿನ ಗಾಡಿಯ ಮೇಲೆ ಡೇರೆ, ಪಾತ್ರೆ ಪದಾರ್ಥ, ಪುಸ್ತಕಗಳನ್ನು ಹೇರಿಕೊಂಡು ಕಾಡಿನಿಂದ ಕಾಡಿಗೆ ಅಲೆಯುವ ಬಾಳು ಅದು. ಸುಖವಾಗಿ ಬೆಳೆದಿದ್ದ ತೆಹ್ಮಿನಾ ಅವರು ಅಲ್ಲೆಲ್ಲ ಪತಿಯ ಜೊತೆಗಿದ್ದರು. ಅರಣ್ಯದ ನಡುವೆ ಬಿಡಾರವನ್ನು ಮನೆಯಾಗಿಸಿದವರು ಅವರು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ತರುವಾಯ ರಕ್ತ ನಂಜಾಗಿ ತೆಹ್ಮಿನಾ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಸಲೀಂ ಅಲಿಯವರಿಗೆ ಆಗ 42 ವರ್ಷ; ಮುಂದಿನ 48 ವರ್ಷಗಳನ್ನು ಅವರು ಮತ್ತೆ ವಿವಾಹವಾಗದೆ ಕಳೆದರು.

ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಗೆ ಅವರು ಬಂದುದು ಈ ದುಃಖದ ಬೆನ್ನಿಗೇ. 1939ರ ಕೊನೆಯಲ್ಲಿ ಮೊದಲಾದ ಕೆಲಸವು 1940ರ ಆರಂಭದ ತಿಂಗಳುಗಳವರೆಗೆ ನಡೆಯಿತು. ಎಡತೊರೆಯ ಸೀಮೆಯ ಪಟ್ಟಣಕ್ಕೆ ತಮ್ಮ ಹೆಸರನ್ನು ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊನೆಯ ವರ್ಷವದು. ಮಲೆನಾಡಿನ ಮಳೆಕಾಡು, ಬಯಲುಸೀಮೆಯ ಕುರುಚಲು, ಕೆರೆಗಳ ಅಂಗಳ, ನದಿಗಳ ದಡ, ಎಲ್ಲವೂ ಆ ಸಂಸ್ಥಾನದಲ್ಲಿದ್ದುವು. ಹೆಗ್ಗಡದೇವನಕೋಟೆಯ ಕಡೆಯ ಕಾಡುಗಳು ಆಗ ಆನೆಗಳ ಖೆಡ್ಡಾಕ್ಕೆ ಹೆಸರಾಗಿದ್ದುವೇ ಹೊರತು, ಅಲ್ಲಿನ ಸಣ್ಣ ಹಕ್ಕಿಗಳನ್ನು ಕೇಳುವವರಿರಲಿಲ್ಲ. ಈ ಸಮೀಕ್ಷೆಯ ವರದಿಯು 1942ರಿಂದ ಮುಂಬಯಿ ಸಂಘದ ನಿಯತಕಾಲಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಮೈಸೂರು ಸೀಮೆಯ ಹಕ್ಕಿಗಳ ಬಗೆಗೆ ಅಧ್ಯಯನ ಮಾಡುವವರಿಗೆ ಅದು ಆಧಾರಗ್ರಂಥವಾಯಿತು.

ಇಲ್ಲಿ ಒಂದು ವಿಷಯವನ್ನು ಮರೆಮಾಡಬೇಕಾಗಿಲ್ಲ. ಆ ಕಾಲದ ಸಮೀಕ್ಷೆಗಳಲ್ಲಿ ಹಕ್ಕಿಗಳನ್ನು ಹೊಡೆದು ಚರ್ಮವನ್ನು ಸಂಗ್ರಹಿಸುವುದು ನಿಯಮವೇ ಆಗಿತ್ತು. ಸಲೀಂ ಅಲಿಯವರೂ ಹಾಗೆ ಸಂಗ್ರಹಿಸಿದರು. ಶಾಸ್ತ್ರಕ್ಕೆ ಅಗತ್ಯವಾದಷ್ಟನ್ನು ತೆಗೆದುಕೊಳ್ಳುವುದಕ್ಕೂ ಮೋಜಿಗಾಗಿ ಕೊಲ್ಲುವುದಕ್ಕೂ ವ್ಯತ್ಯಾಸವಿದೆಯೆಂದು ಅವರ ನಂಬಿಕೆ. ದುರ್ಬೀನು, ಛಾಯಾಚಿತ್ರ, ಕಾಲಿಗೆ ಉಂಗುರ ತೊಡಿಸುವ ವಿಧಾನ ಮುಂತಾದುವು ಬಂದ ಮೇಲೆ ಬಂದೂಕಿನ ಅಗತ್ಯ ಕಡಮೆಯಾಯಿತು. ಹಕ್ಕಿಗಳ ವಲಸೆಯನ್ನು ತಿಳಿಯಲು ಸಾವಿರಾರು ಹಕ್ಕಿಗಳನ್ನು ಹಿಡಿದು, ಉಂಗುರ ತೊಡಿಸಿ, ಹಾರಲು ಬಿಟ್ಟ ದೊಡ್ಡ ಕಾರ್ಯವನ್ನು ಈ ದೇಶದಲ್ಲಿ ಮುಂದೆ ನಡೆಸಿದವರೂ ಅವರೇ.

ಮೈಸೂರಿನ ಸಮೀಕ್ಷೆಯ ಆ ದಿನಗಳಲ್ಲಿಯೇ ಶ್ರೀರಂಗಪಟ್ಟಣದ ಬಳಿಯ ನಡುಗಡ್ಡೆಗಳು ಅವರ ಗಮನವನ್ನು ಸೆಳೆದುವು. ಈ ನಡುಗಡ್ಡೆಗಳು ನದಿಯು ತಾನಾಗಿ ರೂಪಿಸಿದುವಲ್ಲ. ಸುಮಾರು 1645ರಿಂದ 1648ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ನೀರು ನಿಂತು, ಎತ್ತರದ ನೆಲವು ತಿಟ್ಟುಗಳಾಗಿ ಉಳಿಯಿತು. ಗದ್ದೆಗೆ ನೀರು ಹರಿಸಲೆಂದು ಮಾಡಿದ ಕೆಲಸವು ಹಕ್ಕಿಗಳಿಗೂ ನೆಲೆಯನ್ನು ಕೊಟ್ಟಿತು. ಸುತ್ತ ನೀರು, ನೀರಿನಲ್ಲಿ ಮೊಸಳೆಗಳು. ಆದುದರಿಂದ ಮೊಟ್ಟೆ ಮರಿಗಳನ್ನು ಕದಿಯುವ ನೆಲದ ಪ್ರಾಣಿಗಳು ಅಲ್ಲಿಗೆ ಸುಲಭವಾಗಿ ಬರಲಾರವು. ಮರಿಗಳಿಗೆ ಬೇಕಾದ ಮೀನು, ಕಪ್ಪೆ, ಏಡಿ, ಬಸವನಹುಳುಗಳು ಹೊಳೆಯಲ್ಲಿಯೂ ಆಸುಪಾಸಿನ ಗದ್ದೆ ಕಾಲುವೆಗಳಲ್ಲಿಯೂ ಹೇರಳ. ಈ ನೆಲೆಯನ್ನು ಹಾಗೆಯೇ ಉಳಿಸಬೇಕೆಂದು ಸಲೀಂ ಅಲಿಯವರು ಮೈಸೂರಿನ ಅರಸರ ಸರ್ಕಾರಕ್ಕೆ ಮನಗಾಣಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಅದರ ವಿಸ್ತೀರ್ಣವು ಒಂದು ಚದರ ಕಿಲೋಮೀಟರಿಗೂ ಕಡಮೆ.

1941ರಲ್ಲಿ ಅವರು ಭಾರತದ ಹಕ್ಕಿಗಳನ್ನು ಕುರಿತು ಬರೆದ ಪುಸ್ತಕವು ಹೊರಬಂದಿತು. ಅದಕ್ಕೆ ಮೊದಲಿದ್ದ ಗ್ರಂಥಗಳು ಪಂಡಿತರಿಗೆ ಮೀಸಲಾಗಿದ್ದುವು, ಬೆಲೆಯೂ ಅಂತಹುದೇ. ಈ ಪುಸ್ತಕದಲ್ಲಿ ಪ್ರತಿಯೊಂದು ಹಕ್ಕಿಗೂ ಬಣ್ಣದ ಚಿತ್ರವಿತ್ತು. ಅದರ ಗಾತ್ರವೆಷ್ಟು, ಗುಬ್ಬಿಗಿಂತ ದೊಡ್ಡದೋ ಕಾಗೆಗಿಂತ ಚಿಕ್ಕದೋ, ಎಂತಹ ಎಡೆಯಲ್ಲಿ ವಾಸ, ಗೂಡು ಎಂತಹುದು ಎಂಬುದನ್ನೆಲ್ಲ ತಿಳಿಯಾದ ಮಾತುಗಳಲ್ಲಿ ಹೇಳಲಾಗಿತ್ತು. ಸಾಮಾನ್ಯನೊಬ್ಬ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಕೆರೆಯ ಏರಿಗೆ ಹೋಗಿ, ತಾನೇ ಹಕ್ಕಿಯ ಗುರುತನ್ನು ಹಿಡಿಯುವುದು ಸಾಧ್ಯವಾಯಿತು. ಆ ಪುಸ್ತಕವು ಮತ್ತೆ ಮತ್ತೆ ಅಚ್ಚಾಗಿ ಮೂರು ನಾಲ್ಕು ತಲೆಮಾರುಗಳ ಓದುಗರನ್ನು ಹೊರಾಂಗಣಕ್ಕೆ ಕರೆತಂದಿದೆ. ಲಯೀಕ್ ಫತೇಹಳ್ಳಿಯವರೊಡನೆ ಬರೆದ ಇನ್ನೊಂದು ಕಿರುಹೊತ್ತಗೆಯನ್ನು 1967ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿತು. ಆಕಾಶವಾಣಿಯಲ್ಲಿಯೂ ಸಲೀಂ ಅಲಿಯವರು ಹಕ್ಕಿಗಳ ವಿಚಾರವಾಗಿ ಅನೇಕ ಭಾಷಣಗಳನ್ನು ಮಾಡಿದರು. ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳಲ್ಲಿ ಮುಂಬಯಿಯ ಸಂಘವು ಶಾಲಾಮಕ್ಕಳಿಗಾಗಿಯೇ ನಿಸರ್ಗ ಶಿಕ್ಷಣದ ಕಾರ್ಯವನ್ನು ಕೈಗೊಂಡಿತು. ಅದೇ ಸಮಯದಲ್ಲಿ ಹಣವಿಲ್ಲದೆ ಸಂಘವು ಮುಚ್ಚಿಹೋಗುವ ಸ್ಥಿತಿಗೆ ಬಂದಾಗ ಸಲೀಂ ಅಲಿಯವರು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ನೆರವನ್ನು ಪಡೆದರು. ಸತ್ತ ಗುಬ್ಬಿಯೊಡನೆ ತಾವು ಹತ್ತಿದ್ದ ಮನೆಯ ಬಾಗಿಲು ಮುಂದಿನ ಹುಡುಗರಿಗೆ ಮುಚ್ಚಿಹೋಗುವುದನ್ನು ಅವರು ಹೇಗೆ ಸಹಿಸಿಯಾರು!

ಅವರೊಡನೆ ಕಾಡಿಗೆ ಹೋಗುವುದು ಸುಲಭವಾದ ಕೆಲಸವಲ್ಲ. ಬೆಳಕು ಹರಿಯುವ ಮೊದಲೇ ಹೊರಡಬೇಕು. ಮಾತು ಕೂಡದು. ಕಂಡುದನ್ನು ಅಂದಂದೇ, ದಿನ, ಹೊತ್ತು, ಸ್ಥಳಗಳೊಡನೆ ಬರೆದಿಡಬೇಕು. ನೆನಪನ್ನು ನಂಬಿ ಮರುದಿನಕ್ಕೆ ಬಿಡುವುದನ್ನು ಅವರು ಒಪ್ಪುತ್ತಿರಲಿಲ್ಲ. ಸರಿಯಾಗಿ ನೋಡದೆ ಊಹಿಸಿ ಹೆಸರು ಹೇಳಿದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಬಿಡಾರದಲ್ಲಿ ಗೊರಕೆ ಹೊಡೆಯುವವರೆಂದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಪ್ರವಾಸವೆಂದರೆ ಬಸ್ಸಿನ ಹಾಡು, ಬುತ್ತಿಯ ಊಟ, ಸಂಜೆಗೆ ಮನೆ ಎಂದಷ್ಟೇ ಭಾವಿಸುವ ನಮ್ಮ ಶಾಲೆಗಳ ಪದ್ಧತಿಯು ಅವರಿಗೆ ಹಿಡಿಸುತ್ತಿತ್ತೆಂದು ತೋರುವುದಿಲ್ಲ. ಆದರೆ ಈ ಬಿರುಸಿನ ಮನುಷ್ಯನಲ್ಲಿ ವಿನೋದಕ್ಕೆ ಕೊರತೆಯಿರಲಿಲ್ಲ. ಮೋಟಾರುಸೈಕಲ್ ಅವರ ಇನ್ನೊಂದು ಹುಚ್ಚು. 1950ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ನಡೆದ ಅಂತಾರಾಷ್ಟ್ರೀಯ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ, ಹಡಗಿನಲ್ಲಿ ಸಾಗಿಸಿದ್ದ ತಮ್ಮ ಮೋಟಾರುಸೈಕಲ್ಲನ್ನು ಏರಿ ಹೋದರು. ಅವರು ಭಾರತದಿಂದಲೇ ಸವಾರಿ ಮಾಡಿಕೊಂಡು ಬಂದರೆಂಬ ಸುದ್ದಿಯು ಹರಡಿ, ವಿದ್ವಾಂಸರೆಲ್ಲ ಬೆರಗಾದರಂತೆ. ಆಗ ಅವರಿಗೆ 53 ವರ್ಷ.

ಅಮೆರಿಕದ ಡಿಲನ್ ರಿಪ್ಲಿಯವರೊಡನೆ ಸೇರಿ ಅವರು ರಚಿಸಿದ ಭಾರತ ಮತ್ತು ಪಾಕಿಸ್ತಾನಗಳ ಹಕ್ಕಿಗಳ ಕೈಪಿಡಿಯು 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದುವು. ಪದವಿಯಿಲ್ಲವೆಂದು ಒಮ್ಮೆ ಕೆಲಸ ದೊರೆಯದಿದ್ದವರಿಗೆ ವಿಶ್ವವಿದ್ಯಾನಿಲಯಗಳೇ ಗೌರವ ಡಾಕ್ಟರೇಟುಗಳನ್ನು ನೀಡಿದುವು. ವನ್ಯಜೀವಿ ಸಂರಕ್ಷಣೆಗಾಗಿ ದೊರೆತ ಅಂತಾರಾಷ್ಟ್ರೀಯ ಬಹುಮಾನದ 50,000 ಡಾಲರುಗಳನ್ನು ಅವರು ನಿಸರ್ಗ ಸಂರಕ್ಷಣೆಯ ನಿಧಿಗೆ ಕೊಟ್ಟುಬಿಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ ತಿಂಗಳಲ್ಲಿ, 90ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಅವರು ನಿಧನಹೊಂದಿದರು. ಅವರ ಜನ್ಮದಿನವನ್ನು ದೇಶದಲ್ಲಿ ಪಕ್ಷಿದಿನವಾಗಿ ಆಚರಿಸಲಾಗುತ್ತದೆ.

ರಂಗನತಿಟ್ಟಿಗೆ 2022ರಲ್ಲಿ ಅಂತಾರಾಷ್ಟ್ರೀಯ ಮಹತ್ತ್ವವುಳ್ಳ ಜೌಗುನೆಲೆಯೆಂಬ ಮನ್ನಣೆ ದೊರೆಯಿತು. ಬೇಸಗೆಯ ಮೊದಲಲ್ಲಿ ಹೋದವರಿಗೆ ಅಲ್ಲಿ ಬಣ್ಣದ ಕೊಕ್ಕರೆಗಳು ಕಡ್ಡಿಗಳನ್ನು ಕೂಡಿಸಿ ಗೂಡು ಹೆಣೆಯುವುದು ಕಾಣುತ್ತದೆ. ಚಮಚದಂತಹ ಕೊಕ್ಕಿನ ಬಿಳಿಯ ಹಕ್ಕಿಯು ತೆಳುನೀರಿನಲ್ಲಿ ಕೊಕ್ಕನ್ನು ಅತ್ತಿತ್ತ ಬೀಸುತ್ತಾ ನಡೆಯುತ್ತದೆ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿದಿರುತ್ತದೆ. ಬಸವನಹುಳುವನ್ನು ಹಿಡಿದು ತಿನ್ನಲು ಅದಕ್ಕೆ ಒದಗಿಬರುವುದು ಅಂತಹ ಕೊಕ್ಕೇ. ದೂರದಿಂದ ನೋಡಿದರೆ ಈ ಸಂದು ತಿಳಿಯುವುದಿಲ್ಲ. ಅಂಬಿಗನು ಹುಟ್ಟನ್ನು ನಿಲ್ಲಿಸಿ, ದೋಣಿಯಲ್ಲಿರುವ ಮಕ್ಕಳು ಸ್ವಲ್ಪ ಹೊತ್ತು ಸದ್ದಿಲ್ಲದೆ ಕುಳಿತರೆ, ಹಕ್ಕಿಯು ಪಕ್ಕಕ್ಕೆ ತಿರುಗಿದಾಗ ಆ ಸಂದಿನ ಮೂಲಕ ಆಚೆಯ ನೀರು ಕಾಣುತ್ತದೆ.